ದಾರ ಹಿಡಿಯೋದಾ, ಬಿಡೋದಾ? ಹ್ಯಾನೋವರ್ ನೋಡಲು ನಾಲ್ಕು ದಾರಿ

ಜರ್ಮನಿಯ ಹ್ಯಾನೋವರ್‌ಗೆ ಊರು ನೋಡಲೆಂದೇ ಬರುವ ಕನ್ನಡಿಗರು ಕಡಿಮೆ. ಬರುವವರು ಕೆಲಸದ ಮೇಲೆ ಬರುತ್ತಾರೆ. ಸಾಮಾನ್ಯವಾಗಿ ಏಪ್ರಿಲ್‌ನಲ್ಲಿ ನಡೆಯುವ ದೊಡ್ಡ ಕೈಗಾರಿಕಾ ಮೇಳಕ್ಕೆ, ಇಲ್ಲವೇ ಮೆಷಿನ್ ಟೂಲ್‌ಗಳ ಇಎಂಒ ಮೇಳಕ್ಕೆ. ಪೀಣ್ಯದಲ್ಲಿ ವರ್ಕ್‌ಶಾಪ್ ಇಟ್ಟವರನ್ನು ಕೇಳಿ ನೋಡಿ, ಈ ಊರಿನ ಹೆಸರು ಗೊತ್ತಿರುತ್ತದೆ. 2006ರಲ್ಲಿ ಒಮ್ಮೆ, 2015ರಲ್ಲಿ ಇನ್ನೊಮ್ಮೆ ಭಾರತವೇ ಆ ಕೈಗಾರಿಕಾ ಮೇಳದ ಪಾಲುದಾರ ದೇಶವಾಗಿತ್ತು. ಐಟಿಯವರಿಗೆ ಸೆಬಿಟ್ ಎಂಬ ಕಂಪ್ಯೂಟರ್ ಮೇಳ ನೆನಪಿರಬಹುದು. ಅದೂ ಇದೇ ಊರಿನಲ್ಲಿ ನಡೆಯುತ್ತಿತ್ತು, 2018ಕ್ಕೆ ನಿಂತುಹೋಯಿತು. ಹೀಗೆ ಬಂದವರು ಮೇಳದ ಹಾಲ್‌ಗಳು, ಟ್ರಾಮ್, ಹೋಟೆಲ್ ಮೂರನ್ನೇ ನೋಡಿ ವಾಪಸ್ ಹೋಗುತ್ತಾರೆ. "ಅಲ್ಲಿ ನೋಡೋಕೆ ಏನೂ ಇಲ್ಲ" ಅಂತ ಬೇರೆ ಹೇಳುತ್ತಾರೆ.

ಇದೆ. ಆದರೆ ಅದು ತಾನಾಗಿ ಕಣ್ಣಿಗೆ ಬೀಳುವ ಊರಲ್ಲ. ನಿಲ್ದಾಣದಿಂದ ಹೊರಗೆ ಬಂದರೆ ಎದುರಿಗೆ ಕಾಣುವುದು ಬಟ್ಟೆ ಅಂಗಡಿಗಳ ಸಾಲು.

ಇದಕ್ಕೆ ಊರಿನವರು ಒಂದು ಉಪಾಯ ಮಾಡಿದ್ದಾರೆ. ನಿಲ್ದಾಣದ ಎದುರಿನ ಪ್ರವಾಸಿ ಮಾಹಿತಿ ಕಚೇರಿಯಿಂದ ಶುರುಮಾಡಿ ನೆಲದ ಮೇಲೆ ಕೆಂಪು ಬಣ್ಣದ ಗೆರೆ ಎಳೆದುಬಿಟ್ಟಿದ್ದಾರೆ. ಉದ್ದ 4.2 ಕಿಲೋಮೀಟರ್. ದಾರಿಯಲ್ಲಿ ನೋಡುವ ಜಾಗ 36. ಊರೆಲ್ಲ ಸುತ್ತಿ ಗೆರೆ ಮತ್ತೆ ನಿಲ್ದಾಣದ ಎದುರಿಗೇ ಬಂದು ಮುಗಿಯುತ್ತದೆ. ಅದರ ಹೆಸರು ರೋಟರ್ ಫಾಡನ್, ಅಂದರೆ ಕೆಂಪು ದಾರ. ಕತೆಯೊಂದರ ಉದ್ದಕ್ಕೂ ಹಾದುಹೋಗುವ ಎಳೆಗೂ ಜರ್ಮನ್ನರು ಇದೇ ಮಾತು ಬಳಸುತ್ತಾರೆ. ಕನ್ನಡದಲ್ಲಿ ಇನ್ನೂ ಅನುಕೂಲ. ದಾರಕ್ಕೆ ಒಂದು ಗುಡಿಸು ಕೊಟ್ಟರೆ ದಾರಿ.

ನಾನು ಈ ದಾರ ಹಿಡಿದು ಮೂರು ಸಲ ನಡೆದಿದ್ದೇನೆ. ಮೊದಲು ಒಬ್ಬನೇ, ಆಮೇಲೆ ಅಪ್ಪ ಅಮ್ಮನ ಜೊತೆ, ಕೊನೆಗೆ ಮೇಳಕ್ಕೆ ಬಂದಿದ್ದ ಗೆಳೆಯರ ಜೊತೆ. ಮೂರು ಸಲವೂ ಒಂದೊಂದು ಕಡೆ ಬಿಟ್ಟೆ. ಹಾಗಾಗಿ ಯಾರಾದರೂ "ಅರ್ಧ ದಿನ ಇದೆ, ಏನು ಮಾಡಲಿ?" ಅಂತ ಕೇಳಿದರೆ ನಾಲ್ಕು ದಾರಿ ಹೇಳುತ್ತೇನೆ. ದಾರವನ್ನು ಪೂರ್ತಿ ನಡೆಯುವುದು. ಅದರ ನಡುವಿನ ತುಂಡನ್ನು ಮಾತ್ರ ನಡೆಯುವುದು. ಗೈಡ್ ಅಥವಾ ಟೂರ್ ಬಸ್ ಹಿಡಿಯುವುದು. ದಾರದ ಸಹವಾಸವೇ ಬೇಡವೆಂದು ತೋಟಕ್ಕೋ ಕೆರೆಗೋ ಹೋಗುವುದು. ಅವಸರದಲ್ಲಿರುವವರಿಗೆ ಈಗಲೇ ಹೇಳಿಬಿಡುತ್ತೇನೆ: ನನ್ನ ಓಟು ಎರಡನೆಯದಕ್ಕೆ.

ಪೂರ್ತಿ ದಾರ

ಬರೀ ನಡೆದರೆ ಒಂದೂವರೆ ಗಂಟೆಯಲ್ಲಿ ಮುಗಿಯುತ್ತದೆ. ನಿಂತು ನೋಡಿಕೊಂಡು, ಫೋಟೋ ತೆಗೆದುಕೊಂಡು ಹೋದರೆ ಮೂರು ಗಂಟೆ. ಊಟವೂ ಸೇರಿದರೆ ನಾಲ್ಕು ಎಂದುಕೊಳ್ಳಿ.

ಇದರ ದೊಡ್ಡ ಲಾಭ ಏನೆಂದರೆ ತಲೆ ಓಡಿಸಬೇಕಾಗಿಲ್ಲ. ಫೋನ್ ಜೇಬಿನಲ್ಲಿರಲಿ, ಕಣ್ಣು ನೆಲದ ಮೇಲಿರಲಿ, ಅಷ್ಟೇ. ದುಡ್ಡೂ ಬೇಡ. ಮಾಹಿತಿ ಕಚೇರಿಯಲ್ಲಿ ಒಂದು ಚಿಕ್ಕ ಪುಸ್ತಕ ಸಿಗುತ್ತದೆ, ಇಂಗ್ಲಿಷ್‌ನಲ್ಲೂ ಇದೆ, ಬೆಲೆ ಕೆಲವೇ ಯೂರೋ. ಗೆರೆಯ ಪಕ್ಕದಲ್ಲಿರುವ ಸಂಖ್ಯೆಗೂ ಪುಸ್ತಕದ ಸಂಖ್ಯೆಗೂ ತಾಳೆ ನೋಡಿದರೆ ಆಯಿತು. ಫೋನಿನಲ್ಲಿ ಹುಡುಕಿ ಹುಡುಕಿ ಓದುವುದಕ್ಕಿಂತ ಇದು ಸಲೀಸು. ಚಳಿಗಾಲದಲ್ಲಿ ಕೈಗವಸು ತೆಗೆದು ಫೋನ್ ಒತ್ತುವ ಕಷ್ಟ ಒಮ್ಮೆ ಪಟ್ಟವರಿಗೆ ಇದು ಗೊತ್ತು.

ಇನ್ನು ತೊಂದರೆ. 36 ಜಾಗಗಳಿಗೂ ಒಂದೇ ಮರ್ಯಾದೆ. ಮೂಲೆಯಲ್ಲಿರುವ ಹಳೆಯ ಕಟ್ಟಡಕ್ಕೂ ಒಂದು ಸಂಖ್ಯೆ, ಯುದ್ಧದಲ್ಲಿ ಸುಟ್ಟ ಚರ್ಚಿಗೂ ಒಂದು ಸಂಖ್ಯೆ. ಮೊದಲ ಸಲ ನಾನು ಪರೀಕ್ಷೆಗೆ ಓದುವವನ ಹಾಗೆ ಒಂದನ್ನೂ ಬಿಡದೆ ನಿಂತು ನೋಡಿದೆ. 15ನೆಯದಕ್ಕೆ ಬರುವಷ್ಟರಲ್ಲಿ ಕಾಲು ಸೋತಿತ್ತು. ನಿಜವಾಗಿ ನೋಡಬೇಕಾದದ್ದು ಆಗಷ್ಟೇ ಶುರುವಾಗಿತ್ತು.

ಮೊದಲ ಒಂದು ಕಿಲೋಮೀಟರ್ ಬಹುಪಾಲು ಅಂಗಡಿ ಬೀದಿಯೇ. ಅದರಲ್ಲಿ ಬಿಡಬಾರದ್ದು ಒಂದೇ, ಒಪೆರಾ ಹೌಸ್ ಮತ್ತು ಅದರ ಪಕ್ಕ. ಒಪೆರಾ ಹೌಸನ್ನು ಲಾವೆಸ್ ಎಂಬ ವಾಸ್ತುಶಿಲ್ಪಿ ಕಟ್ಟಿದ್ದು, 1852ರಲ್ಲಿ ತೆರೆಯಿತು. ಊರಿನ ಅರ್ಧ ಹಳೆಯ ಕಟ್ಟಡಗಳಿಗೆ ಈತನದೇ ಕೈ ಎಂದು ಸುತ್ತುತ್ತಾ ಹೋದಂತೆ ಅನ್ನಿಸುತ್ತದೆ. ಪಕ್ಕದಲ್ಲಿ 1994ರಲ್ಲಿ ಮಾಡಿದ ಒಂದು ಕಲ್ಲಿನ ಸ್ಮಾರಕ ಇದೆ. ಹ್ಯಾನೋವರ್‌ನಿಂದ ನಾಜಿಗಳು ಹೊತ್ತೊಯ್ದು ಕೊಂದ ಯಹೂದಿಗಳ ಹೆಸರುಗಳನ್ನು ಅದರ ಮೇಲೆ ಕೆತ್ತಿದ್ದಾರೆ. ಐಸ್‌ಕ್ರೀಂ ಕೈಯಲ್ಲಿ ಹಿಡಿದವರು ಅದರ ಪಕ್ಕದಲ್ಲೇ ಓಡಾಡುತ್ತಿರುತ್ತಾರೆ.

ಗೆರೆಯನ್ನೇ ನಂಬಿ ಕೂರಬೇಡಿ ಎಂಬ ಮಾತೂ ಹೇಳಬೇಕು. ರಸ್ತೆ ಅಗೆದ ಕಡೆ ಅದು ಮಾಯವಾಗುತ್ತದೆ. ಕೆಲವು ಕಡೆ ಬಣ್ಣ ಸವೆದು ಹೋಗಿರುತ್ತದೆ. ಹಿಮ ಬಿದ್ದರಂತೂ ದಾರವೂ ಇಲ್ಲ, ದಾರಿಯೂ ಇಲ್ಲ. ಡಿಸೆಂಬರ್‌ನಲ್ಲಿ ಹಳೇ ಪೇಟೆ ತುಂಬ ಕ್ರಿಸ್‌ಮಸ್ ಸಂತೆಯ ಮಳಿಗೆಗಳು ಬರುತ್ತವೆ. ಆಗ ಗೆರೆ ಹುಡುಕುವುದಕ್ಕಿಂತ ಚರ್ಚಿನ ಗೋಪುರ ನೋಡಿಕೊಂಡು ನಡೆಯುವುದು ವಾಸಿ.

ನಡುವಿನ ತುಂಡು

ಮೇಳದ ಮೈದಾನದಿಂದ 8ನೇ ನಂಬರಿನ ಟ್ರಾಮ್ ಹತ್ತಿದವರು ಸಾಮಾನ್ಯವಾಗಿ ಮುಖ್ಯ ರೈಲು ನಿಲ್ದಾಣದವರೆಗೆ ಬಂದುಬಿಡುತ್ತಾರೆ. ಅದಕ್ಕೆ ಎರಡು ಸ್ಟಾಪ್ ಮೊದಲು ಎಗೀಡಿಯನ್‌ಟೋರ್‌ಪ್ಲಾಟ್ಸ್ ಎಂಬ ಉದ್ದ ಹೆಸರಿನ ಸ್ಟಾಪ್ ಬರುತ್ತದೆ. ಊರಿನವರು ಚಿಕ್ಕದಾಗಿ ಎಗಿ ಅನ್ನುತ್ತಾರೆ. ಅಲ್ಲಿ ಇಳಿದುಕೊಳ್ಳಿ. ಅಂಗಡಿ ಬೀದಿ ಪೂರ್ತಿ ತಪ್ಪುತ್ತದೆ, ಐದು ನಿಮಿಷ ನಡೆದರೆ ದಾರ ಸಿಗುತ್ತದೆ. ಒಪೆರಾ ಪಕ್ಕದ ಸ್ಮಾರಕ ಮಾತ್ರ ತಪ್ಪುತ್ತದೆ. ಅದನ್ನು ಕೊನೆಯಲ್ಲಿ ನಿಲ್ದಾಣಕ್ಕೆ ಹೋಗುವಾಗ ನೋಡಬಹುದು.

ಮೊದಲು ಎಗೀಡಿಯನ್ ಚರ್ಚ್. ಚರ್ಚ್ ಅಂದರೆ ನಾಲ್ಕು ಗೋಡೆ, ಮೇಲೆ ಆಕಾಶ. 14ನೇ ಶತಮಾನದ ಕಟ್ಟಡ, 1943ರ ಅಕ್ಟೋಬರ್‌ನಲ್ಲಿ ಬಿದ್ದ ಬಾಂಬಿಗೆ ಸುಟ್ಟಿತು. ಊರಿನವರು ಅದನ್ನು ಮತ್ತೆ ಕಟ್ಟಲಿಲ್ಲ, ಹಾಗೇ ಬಿಟ್ಟರು. ಯುದ್ಧದಲ್ಲಿ ಸತ್ತವರ ನೆನಪಿಗೆ. ಒಳಗೆ ಹಿರೋಶಿಮಾ ನಗರ ಕೊಟ್ಟ ಒಂದು ಗಂಟೆ ಇದೆ. 1983ರಿಂದ ಎರಡೂ ಸೋದರಿ ನಗರಗಳು. ಪ್ರತಿ ವರ್ಷ ಆಗಸ್ಟ್ 6ರಂದು ಜನ ಇಲ್ಲಿ ಸೇರುತ್ತಾರೆ. ಮಳೆ ಬಂದರೆ ಚರ್ಚಿನೊಳಗೇ ಮಳೆ. ಅಮ್ಮ ಚಪ್ಪಲಿ ಬಿಡಬೇಕಾ ಅಂತ ಕೇಳಿದ್ದರು. ಏನು ಹೇಳಬೇಕೆಂದು ನನಗೆ ತೋಚಲಿಲ್ಲ.

ಅಲ್ಲಿಂದ ಹತ್ತಿರದಲ್ಲೇ ಹೊಸ ಪುರಭವನ. ಹೆಸರಿಗೆ ಹೊಸದು, ತೆರೆದದ್ದು 1913ರಲ್ಲಿ. ಅರಮನೆ ಅಂದರೂ ನಂಬಬೇಕು, ಹಾಗಿದೆ. ಲೈನೆ ನದಿಯ ಜೌಗು ನೆಲ ಆದ್ದರಿಂದ 6,026 ಬೀಚ್ ಮರದ ದಿಮ್ಮಿಗಳನ್ನು ನೆಲಕ್ಕೆ ಹೊಡೆದು, ಅದರ ಮೇಲೆ ಕಟ್ಟಿದ್ದಾರೆ. ಎತ್ತರ ಸುಮಾರು 98 ಮೀಟರ್. ಗುಮ್ಮಟದ ತುದಿಗೆ ಹೋಗಲು ಒಂದು ವಿಚಿತ್ರ ಲಿಫ್ಟ್ ಇದೆ. ಅದು ನೇರ ಏರುವುದಿಲ್ಲ. ಗುಮ್ಮಟ ಬಾಗಿದ ಹಾಗೆ ತಾನೂ 17 ಡಿಗ್ರಿವರೆಗೆ ಬಾಗುತ್ತಾ ಏರುತ್ತದೆ. ಚಳಿಗಾಲದಲ್ಲಿ ಓಡುವುದಿಲ್ಲ. ಬೇಸಿಗೆಯಲ್ಲಿ ಸಾಲು ಜಾಸ್ತಿ. ಸಮಯ ಕಡಿಮೆ ಇದ್ದರೆ ಲಿಫ್ಟ್ ಬಿಟ್ಟುಬಿಡಿ, ನನಗೇನೂ ಬೇಜಾರಿಲ್ಲ. ಮೇಲಿನಿಂದ ಕಾಣುವ ಕೆರೆಯನ್ನು ಕೆಳಗಿನಿಂದಲೂ ನೋಡಬಹುದು.

ಬಿಡಬಾರದ್ದು ಕೆಳಗಿನ ಹಾಲ್. ಅಲ್ಲಿಗೆ ದುಡ್ಡು ಕೊಡಬೇಕಾಗಿಲ್ಲ. ಊರಿನ ನಾಲ್ಕು ಮಾದರಿಗಳನ್ನು ದೊಡ್ಡ ಮೇಜುಗಳ ಮೇಲೆ ಇಟ್ಟಿದ್ದಾರೆ. 1689ರ ಕೋಟೆಯೊಳಗಿನ ಪುಟ್ಟ ಊರು. 1939ರ ತುಂಬಿ ತುಳುಕುವ ಊರು. 1945ರ ಊರು. ಈಗಿನ ಊರು. ಎರಡನೆಯದರಿಂದ ಮೂರನೆಯದಕ್ಕೆ ನಡೆದು ಹೋಗಿ ನೋಡಿ. ಛಾವಣಿಯೇ ಇಲ್ಲದ ಗೋಡೆಗಳು, ಒಳಗೆಲ್ಲ ಟೊಳ್ಳು. ಎಲ್ಲ ಒಂದೇ ಬೂದು ಬಣ್ಣ. ಊರಿನ ನಡುಭಾಗದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ನೆಲಸಮವಾಗಿತ್ತು. ಅದರಲ್ಲಿ ದೊಡ್ಡ ಪಾಲು 1943ರ ಅಕ್ಟೋಬರ್‌ನ ಒಂದೇ ರಾತ್ರಿಯಲ್ಲಿ.

ನಡುವಿನ ತುಂಡಿಗೆ ನಾನು ಓಟು ಹಾಕುವುದು ಈ ಮೇಜುಗಳಿಂದಾಗಿ. ದಾರವನ್ನು ಯಾವ ಕಡೆಯಿಂದ ಹಿಡಿದರೂ ಪರವಾಗಿಲ್ಲ, ಹಳೇ ಪೇಟೆಗೆ ಹೋಗುವ ಮೊದಲು ಇದನ್ನು ನೋಡಿರಬೇಕು. ನೋಡದೆ ಹೋದರೆ ಹಳೇ ಪೇಟೆ ಸಿನಿಮಾ ಸೆಟ್ಟಿನ ಹಾಗೆ ಕಾಣುತ್ತದೆ. ನಾಲ್ಕು ಬೀದಿ ಚೆಂದದ ಮನೆ, ಆಮೇಲೆ ಕಾಂಕ್ರೀಟ್. "ಇಷ್ಟೇನಾ?" ಅನ್ನಿಸುತ್ತದೆ. ನೋಡಿ ಹೋದರೆ "ಇಷ್ಟಾದರೂ ಉಳಿಯಿತಲ್ಲ" ಅನ್ನಿಸುತ್ತದೆ.

ಪುರಭವನದಿಂದ ದಾರ ಲೈನೆ ಅರಮನೆಯ ಕಡೆಗೆ ಹೋಗುತ್ತದೆ. ಈಗ ಅದು ಲೋವರ್ ಸ್ಯಾಕ್ಸನಿ ರಾಜ್ಯದ ವಿಧಾನಸಭೆ. ಅಲ್ಲೇ ಸ್ವಲ್ಪ ದೂರದಲ್ಲಿ ವಾಟರ್ಲೂ ಕಂಬ ಕಾಣುತ್ತದೆ. 1832ರದ್ದು, 46 ಮೀಟರ್ ಎತ್ತರ, ಅದೂ ಲಾವೆಸ್‌ನದೇ. ನೆಪೋಲಿಯನ್ ವಿರುದ್ಧ ಇಂಗ್ಲಿಷರ ಜೊತೆ ನಿಂತು ಹೋರಾಡಿದ ಹ್ಯಾನೋವರ್ ಸೈನಿಕರ ನೆನಪಿಗೆ.

ಹ್ಯಾನೋವರ್‌ನವರಿಗೂ ಇಂಗ್ಲಿಷರಿಗೂ ಏನು ಸಂಬಂಧ ಅನ್ನುತ್ತೀರಾ? 1714ರಲ್ಲಿ ಇಲ್ಲಿನ ದೊರೆಯೇ ಒಂದನೇ ಜಾರ್ಜ್ ಆಗಿ ಬ್ರಿಟನ್ನಿನ ಸಿಂಹಾಸನ ಏರಿದ. ಅಲ್ಲಿಂದ 1837ರವರೆಗೆ ಎರಡೂ ನಾಡಿಗೆ ಒಬ್ಬನೇ ರಾಜ. ನಮಗೆ ಸಂಬಂಧಪಟ್ಟದ್ದು ಇದರ ನಡುವೆ ಬರುತ್ತದೆ. 1780ರ ದಶಕದಲ್ಲಿ ಹ್ಯಾನೋವರ್‌ನ ಎರಡು ರೆಜಿಮೆಂಟುಗಳು ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ಮದ್ರಾಸಿಗೆ ಹಡಗು ಹತ್ತಿದವು. ಅದು ಎರಡನೇ ಮೈಸೂರು ಯುದ್ಧದ ಕಾಲ. 1783ರಲ್ಲಿ ಕಡಲೂರಿನ ಕದನದಲ್ಲಿ ಒಂದು ಕಡೆ ಇಂಗ್ಲಿಷರು ಮತ್ತು ಈ ಹ್ಯಾನೋವರ್‌ನವರು. ಇನ್ನೊಂದು ಕಡೆ ಫ್ರೆಂಚರು ಮತ್ತು ಮೈಸೂರಿನ ಪಡೆ. ಈ ನಾಡಿನ ಸೈನಿಕರು ನಮ್ಮ ಟಿಪ್ಪು ಕಾಲದ ಸೈನಿಕರ ಎದುರು ನಿಂತಿದ್ದರು ಎಂಬುದು ಯಾವ ಸಂಖ್ಯೆಯ ಪಕ್ಕದಲ್ಲೂ ಬರೆದಿಲ್ಲ. ನೀವು ಆ ಕಂಬದ ಕಡೆ ನೋಡುವಾಗ ನೆನಪಿಸಿಕೊಂಡರೆ ಆಯಿತು.

ಮುಂದೆ ನದಿ. ಆಚೆ ದಡದಲ್ಲಿ ಮೂರು ದಪ್ಪ ಹೆಂಗಸರು ಕುಣಿಯುತ್ತಿರುತ್ತಾರೆ. ಕೆಂಪು, ಹಳದಿ, ನೀಲಿ, ಎಲ್ಲ ಬಣ್ಣವೂ ಮೈಮೇಲೆ. ನಿಕಿ ದ ಸಾನ್ ಫಾಲ್ ಎಂಬ ಕಲಾವಿದೆ 1974ರಲ್ಲಿ ಮಾಡಿದ ಶಿಲ್ಪಗಳು. ಇವುಗಳನ್ನು ನಾನಾ ಅನ್ನುತ್ತಾರೆ, ಕನ್ನಡದ ಕಿವಿಗೆ ಸರಿಯಾಗಿಯೇ ಕೇಳಿಸುತ್ತದೆ. ಸೋಫಿ, ಶಾರ್ಲೊಟೆ, ಕರೋಲಿನೆ ಎಂದು ಹೆಸರು. ಮೂವರೂ ಈ ಊರಿನ ಹೆಣ್ಣುಮಕ್ಕಳ ಹೆಸರುಗಳು. ಕರೋಲಿನೆ ಅಂದರೆ ಕರೋಲಿನೆ ಹರ್ಶೆಲ್. ಯುರೇನಸ್ ಕಂಡುಹಿಡಿದ ವಿಲಿಯಂ ಹರ್ಶೆಲ್‌ನ ತಂಗಿ, ತಾನೇ ಹಲವು ಧೂಮಕೇತುಗಳನ್ನು ಕಂಡುಹಿಡಿದವಳು. ಈ ಗೊಂಬೆಗಳನ್ನು ನಿಲ್ಲಿಸಿದಾಗ ಊರಿನವರು ಸಿಡಿದೆದ್ದಿದ್ದರು. ಈಗ ಇವಿಲ್ಲದ ಪೋಸ್ಟ್‌ಕಾರ್ಡ್ ಸಿಗುವುದು ಕಷ್ಟ. ಶನಿವಾರ ಬಂದರೆ ಈ ದಡದ ಉದ್ದಕ್ಕೂ ಹಳೇ ಸಾಮಾನಿನ ಸಂತೆ. ಹಿತ್ತಾಳೆ ಚಮಚದಿಂದ ಹಿಡಿದು ಹಳೇ ಕ್ಯಾಮೆರಾವರೆಗೆ ಎಲ್ಲ ಇರುತ್ತದೆ. ಅಪ್ಪ ಇಲ್ಲಿ ನಿಂತವರು ಒಂದು ಗಂಟೆ ಕದಲಲಿಲ್ಲ. ಕೊನೆಗೆ ಕೊಂಡದ್ದು ಒಂದು ಸ್ಪ್ಯಾನರ್.

ಆಮೇಲೆ ಹಳೇ ಪೇಟೆ. ಬುರ್ಗ್ ಬೀದಿಯಲ್ಲಿ 1566ರ ಒಂದು ಮನೆ ಇದೆ, ಊರಿನ ಮರದ ಚೌಕಟ್ಟಿನ ಮನೆಗಳಲ್ಲಿ ಅದೇ ಹಳೆಯದು. ಮರದ ತೊಲೆಗಳನ್ನು ಅಡ್ಡ ಉದ್ದ ಕೂಡಿಸಿ, ನಡುವೆ ಗೋಡೆ ತುಂಬುವ ಪದ್ಧತಿ ಇದು. ಯುದ್ಧದ ನಂತರ ಬೇರೆ ಬೇರೆ ಕಡೆ ಉಳಿದಿದ್ದ ಇಂಥ ಮನೆಗಳಲ್ಲಿ ಕೆಲವನ್ನು ಬಿಚ್ಚಿ ತಂದು ಈ ಎರಡು ಮೂರು ಬೀದಿಗಳಲ್ಲಿ ಮತ್ತೆ ಜೋಡಿಸಿದರು. ಅಂದರೆ ಅಕ್ಕಪಕ್ಕದಲ್ಲಿರುವ ಮನೆಗಳು ಮೊದಲು ಅಕ್ಕಪಕ್ಕದವಾಗಿರಲಿಲ್ಲ. ಲೈಬ್ನಿಟ್ಸ್ ಮನೆಯದ್ದೂ ಇದೇ ಕತೆ. ಗಣಿತಜ್ಞ, ತತ್ವಜ್ಞಾನಿ ಲೈಬ್ನಿಟ್ಸ್ 40 ವರ್ಷ ಈ ಊರಿನಲ್ಲಿದ್ದು 1716ರಲ್ಲಿ ಇಲ್ಲೇ ತೀರಿಕೊಂಡ. ಅವನಿದ್ದ ಮನೆ 1943ರಲ್ಲಿ ಹೋಯಿತು. 1983ರಲ್ಲಿ ಅದರ ಮುಖಭಾಗವನ್ನು ಬೇರೆ ಜಾಗದಲ್ಲಿ ಮತ್ತೆ ಕಟ್ಟಿದರು. ಇದನ್ನು ನಕಲಿ ಎಂದು ಮೂಗು ಮುರಿಯುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಮೇಜಿನ ಮೇಲಿನ ಮೂರನೇ ಊರು ನೋಡಿ ಬಂದವನಿಗೆ ಹಾಗನ್ನಿಸುವುದು ಕಷ್ಟ.

ಲೈಬ್ನಿಟ್ಸ್ ಹೆಸರಿನಲ್ಲಿ ಒಂದು ಬೆಣ್ಣೆ ಬಿಸ್ಕತ್ತೂ ಇದೆ. 1891ರಿಂದ ಈ ಊರಿನ ಬಾಲ್ಸನ್ ಕಂಪನಿ ಮಾಡುತ್ತಿದೆ. ಮನೆಗೆ ಏನು ಒಯ್ಯಲಿ ಅನ್ನುವವರು ಸೂಪರ್ ಮಾರ್ಕೆಟ್‌ನಲ್ಲಿ ಇದನ್ನೇ ಕೊಂಡರೆ ಸಾಕು, ಹಗುರ, ಅಗ್ಗ.

ಮಾರ್ಕೆಟ್ ಚರ್ಚಿನ ಇಟ್ಟಿಗೆ ಗೋಪುರ ಸುಮಾರು 97 ಮೀಟರ್. ತುದಿಯ ಮೊನೆ ಮಾತ್ರ ದೇಹಕ್ಕೆ ಒಪ್ಪದಷ್ಟು ಚಿಕ್ಕದು. ಕಟ್ಟುವವರ ದುಡ್ಡೂ ಮುಗಿಯಿತು, ಉಸಿರೂ ಮುಗಿಯಿತು ಎಂಬುದು ಊರವರ ಮಾತು. ಇಲ್ಲಿಂದ ಹತ್ತಿರದಲ್ಲೇ ಮಾರ್ಕ್‌ಟ್‌ಹಾಲೆ, ಅಂದರೆ ತಿನ್ನುವ ಮಳಿಗೆಗಳ ದೊಡ್ಡ ಹಾಲ್. ಊರಿನ ಹೊಟ್ಟೆ ಎಂದೇ ಅಡ್ಡಹೆಸರು. ಸಸ್ಯಾಹಾರಿಗಳಿಗೆ ಫಲಾಫೆಲ್, ಪಾಸ್ತಾ ಸಿಗುತ್ತದೆ. "ಮಾಂಸ ಇಲ್ಲ" ಅಂದರೆ ಮೀನು ಕೊಡುವವರೂ ಇದ್ದಾರೆ, ಎರಡನ್ನೂ ಹೇಳಿ. ದಾರದ ನಡುವಿನ ತುಂಡು ನನ್ನ ಮಟ್ಟಿಗೆ ಇಲ್ಲಿಗೆ ಮುಗಿಯಿತು. ಎರಡರಿಂದ ಎರಡೂವರೆ ಗಂಟೆ ಸಾಕು.

ಗೈಡ್, ಬಸ್

ಹಳೇ ಪೇಟೆಯ ಗೈಡ್ ಟೂರುಗಳು ಹೆಚ್ಚಾಗಿ ಜರ್ಮನ್‌ನಲ್ಲಿ. ಇಂಗ್ಲಿಷ್ ಬೇಕಾದರೆ ಮೊದಲೇ ವಿಚಾರಿಸಿ, ಗುಂಪಾಗಿ ಮಾಡಿಕೊಳ್ಳುವುದು ಒಳ್ಳೆಯದು. ಎಂಟು ಹತ್ತು ಜನ ಇದ್ದರೆ ತಲೆಗೆ ಬೀಳುವ ಖರ್ಚು ಕಡಿಮೆ, ಕೇಳಿದ ಪ್ರಶ್ನೆಗೆ ಉತ್ತರವೂ ಸಿಗುತ್ತದೆ. ಒಬ್ಬರು ಇಬ್ಬರು ಇದ್ದರೆ ದುಬಾರಿ. ಒಳ್ಳೆಯ ಗೈಡ್ ಸಿಕ್ಕರೆ ಪುಸ್ತಕಕ್ಕಿಂತ ಮೇಲು, ಇದರಲ್ಲಿ ಎರಡು ಮಾತಿಲ್ಲ. ಆದರೆ ಅವರ ಹೆಜ್ಜೆಗೆ ನಾವು ಹೆಜ್ಜೆ ಹಾಕಬೇಕು. ನನಗೆ ಅದು ಆಗುವುದಿಲ್ಲ.

ಬಸ್ ಟೂರ್ ಈ ಊರಿಗೆ ಸುಮ್ನೆ. ನಡುಪೇಟೆ ಅಷ್ಟು ಚಿಕ್ಕದು. ಹಳೇ ಬೀದಿಗಳೊಳಗೆ ಬಸ್ ಹೋಗುವುದೂ ಇಲ್ಲ. ಜೋರು ಮಳೆ, ಮಂಡಿ ನೋವು, ಇವೆರಡರಲ್ಲಿ ಒಂದಿದ್ದರೆ ಮಾತ್ರ ಯೋಚಿಸಿ.

ದಾರ ಬಿಟ್ಟರೆ

ಅಮ್ಮನ ಮಂಡಿ ಕೈಕೊಟ್ಟಾಗ ನಾವು ಮಾಡಿದ್ದು ಇದು. ಕ್ರೋಪ್ಕೆ ಸ್ಟಾಪಿನಿಂದ 4 ಅಥವಾ 5ನೇ ನಂಬರಿನ ಟ್ರಾಮ್ ಹತ್ತಿ ಹೆರೆನ್‌ಹೌಸನ್ ತೋಟಕ್ಕೆ ಹೋದೆವು. ಹತ್ತು ಹದಿನೈದು ನಿಮಿಷದ ದಾರಿ. ಅಳತೆ ಹಿಡಿದು ಕತ್ತರಿಸಿದ ಗಿಡಗಳು, ನೇರ ಹಾದಿಗಳು, ಬೇಕಾದಷ್ಟು ಬೆಂಚು. ದೊಡ್ಡ ಕಾರಂಜಿ ಗಾಳಿ ಇಲ್ಲದ ದಿನ 70 ಮೀಟರ್‌ಗೂ ಮೇಲೆ ಚಿಮ್ಮುತ್ತದೆ. 300 ವರ್ಷದ ಹಿಂದೆ ಈ ಕಾರಂಜಿ ಹೇಗೆ ಮಾಡುವುದೆಂದು ಲೈಬ್ನಿಟ್ಸ್‌ನನ್ನೂ ಕೇಳಿದ್ದರು. ನದಿ ದಡದ ನಾನಾಗಳನ್ನು ಮಾಡಿದ ಕಲಾವಿದೆಯ ಕೈಯದೇ ಒಂದು ಗುಹೆ ಇಲ್ಲಿದೆ, 2003ರಲ್ಲಿ ತೆರೆದದ್ದು. ಒಳಗೆಲ್ಲ ಗಾಜಿನ ಚೂರು, ಕನ್ನಡಿ. ಮಕ್ಕಳು ಹೊರಗೆ ಬರುವುದಿಲ್ಲ ಅನ್ನುತ್ತಾರೆ.

ಈ ತೋಟ ಬೆಳೆಸಿದವಳು ಹ್ಯಾನೋವರ್ ದೊರೆಯ ಹೆಂಡತಿ ಸೋಫಿ. ಬ್ರಿಟನ್ನಿನ ಸಿಂಹಾಸನಕ್ಕೆ ಮುಂದಿನ ಹಕ್ಕು ಅವಳದೇ ಆಗಿತ್ತು. 1714ರ ಜೂನ್‌ನಲ್ಲಿ ಇದೇ ತೋಟದಲ್ಲಿ ನಡೆಯುತ್ತಿದ್ದಾಗ ಮಳೆ ಬಂತು, ಓಡಿದಳು, ಕುಸಿದು ಸತ್ತಳು. ವಯಸ್ಸು 83. ಎರಡು ತಿಂಗಳೊಳಗೆ ಲಂಡನ್ನಿನ ರಾಣಿಯೂ ತೀರಿಕೊಂಡಳು, ಸಿಂಹಾಸನ ಮಗ ಜಾರ್ಜನಿಗೆ ಹೋಯಿತು. ಅಮ್ಮನಿಗೆ ಇಡೀ ಜರ್ಮನಿಯಲ್ಲಿ ನೆನಪಿರುವ ಕತೆ ಇದೊಂದೇ.

ತೋಟಕ್ಕೆ ಟಿಕೆಟ್ ಇದೆ. ಕಾರಂಜಿಗೆ ಹೊತ್ತು ಗೊತ್ತುಪಡಿಸಿರುತ್ತಾರೆ, ಅದನ್ನು ನೋಡಿಕೊಂಡೇ ಹೋಗಿ. ಚಳಿಗಾಲದಲ್ಲಿ ಕಾರಂಜಿಯೂ ಇಲ್ಲ, ಹೂವೂ ಇಲ್ಲ. ಆಗ ದಾರವೇ ಸರಿ.

ಇನ್ನೊಂದು, ಮಾಶ್‌ಸೇ ಕೆರೆ. ಪುರಭವನದ ಹಿಂದಿನ ಪಾರ್ಕ್ ದಾಟಿದರೆ ಸಿಗುತ್ತದೆ. 1934ರಿಂದ 36ರ ನಡುವೆ ತೋಡಿದ ಕೃತಕ ಕೆರೆ. ನಾಜಿ ಸರ್ಕಾರ ನಿರುದ್ಯೋಗಿಗಳನ್ನು ಹಚ್ಚಿ ಮಾಡಿಸಿದ್ದು. ಸುತ್ತು ಹಾಕಿದರೆ ಸುಮಾರು 6 ಕಿಲೋಮೀಟರ್, ದಾರಕ್ಕಿಂತ ಉದ್ದ. ಬೆಳಗಿನ ವಾಕಿಂಗ್ ಅಭ್ಯಾಸ ಇದ್ದವರಿಗೆ ಇದು ಸ್ವರ್ಗ. ಊರು ನೋಡಬೇಕು ಅನ್ನುವವರಿಗೆ ಅಲ್ಲ.

ಯಾವ ದಿನ?

ಶನಿವಾರ ಸಿಕ್ಕರೆ ಅದೇ ಇರಲಿ, ಸಂತೆಯ ಸಲುವಾಗಿ. ಭಾನುವಾರ ಅಂಗಡಿ ಮುಚ್ಚಿರುತ್ತವೆ, ಮಾರ್ಕ್‌ಟ್‌ಹಾಲೆಯೂ ಮುಚ್ಚಿರುತ್ತದೆ. ಹಾಗಾಗಿ ಪೂರ್ತಿ ದಾರ ನಡೆಯಬೇಕೆನ್ನುವ ಹಟವಾದಿಗಳಿಗೆ ಭಾನುವಾರವೇ ಚೆನ್ನ. ಮೊದಲ ಒಂದು ಕಿಲೋಮೀಟರ್‌ನಲ್ಲಿ ಜನಜಂಗುಳಿ ಇರುವುದಿಲ್ಲ, ಗೆರೆ ಕಾಣುತ್ತದೆ. ತಿಂಡಿ ಮಾತ್ರ ಕೈಯಲ್ಲಿರಲಿ. ಚಿಲ್ಲರೆ ಕೂಡ ಇರಲಿ, ಶೌಚಾಲಯಕ್ಕೆ ನಾಣ್ಯ ಕೇಳುತ್ತಾರೆ. ಹಳೇ ಪೇಟೆಯಲ್ಲಿ ಕಲ್ಲು ಹಾಸು ಜಾಸ್ತಿ. ಮೇಳಕ್ಕೆ ಹಾಕಿಕೊಂಡ ಚರ್ಮದ ಬೂಟಿನಲ್ಲಿ ನಡೆದ ನನ್ನ ಗೆಳೆಯ ಸಂಜೆ ಬೂಟು ಕೈಯಲ್ಲಿ ಹಿಡಿದು ಕೂತಿದ್ದ.

ಗುಂಪಿನಲ್ಲಿ ಎಲ್ಲರಿಗೂ ಒಂದೇ ದಾರಿ ಹಿಡಿಸುವುದಿಲ್ಲ. ಹಾಗಿದ್ದರೆ ಒಟ್ಟಿಗೆ ಎಳೆದಾಡಬೇಡಿ. ಒಬ್ಬರು ದಾರ ಹಿಡಿಯಲಿ, ಒಬ್ಬರು ತೋಟಕ್ಕೆ ಹೋಗಲಿ, ಇನ್ನೊಬ್ಬರು ಸಂತೆಯಲ್ಲಿ ಸ್ಪ್ಯಾನರ್ ಚೌಕಾಸಿ ಮಾಡಲಿ. ದಾರ ಮುಗಿಯುವ ಕಡೆ, ನಿಲ್ದಾಣದ ಎದುರು, ಕುದುರೆ ಮೇಲೆ ಕೂತ ಒಬ್ಬ ರಾಜನಿದ್ದಾನೆ. ಎರ್ನ್‌ಸ್ಟ್ ಔಗುಸ್ಟ್. 1837ರಲ್ಲಿ ವಿಕ್ಟೋರಿಯಾ ಲಂಡನ್ನಿನಲ್ಲಿ ಪಟ್ಟಕ್ಕೆ ಬಂದಳು. ಇಲ್ಲಿನ ಕಾನೂನಿನಲ್ಲಿ ಗಂಡು ವಾರಸುದಾರರಿದ್ದರೆ ಹೆಣ್ಣಿಗೆ ಪಟ್ಟ ಇಲ್ಲ. ಹಾಗಾಗಿ ಅವಳ ಚಿಕ್ಕಪ್ಪನಾದ ಈತ ಇಲ್ಲಿನ ರಾಜನಾದ. ಊರಿನವರು ಯಾರನ್ನಾದರೂ ಭೇಟಿಯಾಗಬೇಕಾದರೆ ರಾಜನ ಹೆಸರು ಹೇಳುವುದಿಲ್ಲ. "ಬಾಲದ ಕೆಳಗೆ ಸಿಗೋಣ" ಅನ್ನುತ್ತಾರೆ. ಕುದುರೆಯ ಬಾಲ. ನಾವೂ ಆರು ಗಂಟೆಗೆ ಅಲ್ಲೇ ಸಿಕ್ಕೆವು. ಅಪ್ಪ ಮಾತ್ರ ಕಾಲು ಗಂಟೆ ರಾಜನ ಮುಖದ ಕಡೆ ನಿಂತು ಕಾಯುತ್ತಿದ್ದರು.